ರೇವಮ್ಮನ ಕಣ್ಣಳತೆ

ಜೇವರ್ಗಿಯಲ್ಲಿ ಮದುವೆಯ ಜವಳಿ ತೆಗೆಯಲು ಹೊರಟವರು ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಶಹಾಪುರ ರಸ್ತೆಯ ಒಂದು ಪುಟ್ಟ ಕೋಣೆಯ ಮುಂದೆ ನಿಂತು, ರೇವಮ್ಮ ಇದ್ದಾಳೆಯೇ ಎಂದು ಕೇಳುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ. ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಆಳೆತ್ತರದ ಒಂದು ಕನ್ನಡಿ, ಅಳತೆ ಕೊಡುವವರಿಗೆಂದು ಮೂಲೆಯಲ್ಲಿ ಹಳೆಯ ಸೀರೆಯ ಪರದೆ. ಹೊರಗಿನ ಬೋರ್ಡಿನಲ್ಲಿ ಲೇಡೀಸ್ ಟೇಲರ್ ಎಂದಷ್ಟೇ ಇದೆ. ಆದರೆ ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಹೊಲಿಸಲು ಬಂದವರಲ್ಲ. ತಮ್ಮ ಜೊತೆ ಅಂಗಡಿಗೆ ಬಂದು, ಮಗಳಿಗೆ ಯಾವ ಸೀರೆ ಒಪ್ಪುತ್ತದೆ, ಯಾವ ಬೆಂಡೋಲೆ ಮುಖಕ್ಕೆ ಕೂರುತ್ತದೆ ಎಂದು ಹೇಳಲಿ ಎಂದು ಕರೆಯಲು ಬಂದವರು.

ಹೆಣ್ಣುಮಗಳೊಬ್ಬಳು ರಸ್ತೆ ದಾಟಿ ಬರುವಷ್ಟರಲ್ಲಿ ರೇವಮ್ಮನ ಅರ್ಧ ಅಳತೆ ಮುಗಿದಿರುತ್ತದೆ. ಹೆಗಲು ಅಗಲವೋ ಇಳಿಜಾರೋ, ಕುತ್ತಿಗೆ ಎಷ್ಟು ಉದ್ದ, ದವಡೆ ಚೌಕವೋ ದುಂಡೋ, ನಡೆಯುವಾಗ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಎಲ್ಲವನ್ನೂ ಅವಳು ಮಷಿನ್ನಿನ ಗಾಲಿ ತಿರುಗಿಸುತ್ತಲೇ ನೋಡಿಕೊಳ್ಳುತ್ತಾಳೆ. ಆಮೇಲೆ ಟೇಪು ಹಿಡಿಯುವುದು ಬಂದವರ ಸಮಾಧಾನಕ್ಕೆ.

ಈ ಕಣ್ಣು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ರೇವಮ್ಮ ಅಫಜಲಪುರ ತಾಲೂಕಿನ ಸೊನ್ನದವಳು. ಅಗಲ ಹೆಗಲು, ಗಿಡ್ಡ ಕುತ್ತಿಗೆ, ದುಂಡು ಮುಖದ ಹುಡುಗಿ. ಜೇವರ್ಗಿಯ ಚಂದಪ್ಪನಿಗೆ ಕೊಟ್ಟು ಮದುವೆ ಮಾಡಿದಾಗ ಇಪ್ಪತ್ತೊಂದು ವರ್ಷ. ಗಂಡನ ಮನೆಯವರು ತಂದದ್ದು ಗಿಳಿಹಸಿರಿನ ಬಿರುಸು ಸೀರೆ, ಅಂಚಿಗೆ ಅಂಗೈ ಅಗಲದ ಜರಿಯ ದಡಿ. ಆಗಿನ ರೂಢಿಯಂತೆ ಜಂಪರಿಗೆ ಬುಗ್ಗೆಯಂತೆ ಉಬ್ಬಿದ ಪುಗ್ಗಾ ತೋಳು. ಕುತ್ತಿಗೆಗೆ ಬಿಗಿಯಾಗಿ ಕೂರುವ ಟೀಕಿ. ಹಣೆಯ ತುಂಬ ಕುಂಕುಮ. ಎಲ್ಲರೂ ಮುತ್ತಿನಂಥ ಮದುಮಗಳು ಎಂದರು. ತಿಂಗಳ ಮೇಲೆ ಫೋಟೋ ಅಲ್ಬಮ್ ಬಂತು. ಮನೆಮಂದಿಯೆಲ್ಲ ಮುಗಿಬಿದ್ದು ನೋಡುವಾಗ ನಾದಿನಿ ನಗುತ್ತ, ವೈನಿ ಹತ್ತಿ ತುರುಕಿದ ಅಂಡಿಗೆ ಚೀಲದಂತೆ ಕಾಣುತ್ತಾಳೆ ಎಂದಳು. ಮಾತು ಕೆಟ್ಟ ಮನಸ್ಸಿನದಾಗಿರಲಿಲ್ಲ. ಆದರೆ ನಿಜವಾಗಿತ್ತು. ಫೋಟೋದಲ್ಲಿ ರೇವಮ್ಮನಿಗೆ ಕುತ್ತಿಗೆಯೇ ಇರಲಿಲ್ಲ.

ಬೇರೆಯವಳಾಗಿದ್ದರೆ ಅತ್ತುಬಿಡುತ್ತಿದ್ದಳೇನೋ. ರೇವಮ್ಮನಿಗೆ ಅಳು ಬರಲಿಲ್ಲ, ಯಾಕೆ ಹೀಗೆ ಎಂಬ ಪ್ರಶ್ನೆ ಬಂತು. ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅತ್ತೆಯ ಹಳೆಯ ಚಂದ್ರಕಾಳಿ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಳು. ಒಗೆದು ಒಗೆದು ಮೆತ್ತಗಾದ ಕಪ್ಪು ಸೀರೆ, ಬೆರಳಗಲದ ಕೆಂಪು ದಡಿ. ಟೀಕಿ ತೆಗೆದಿಟ್ಟು ಎದೆಯವರೆಗೆ ಇಳಿಯುವ ಬೋರಮಾಳ ಹಾಕಿಕೊಂಡಳು. ಸೆರಗನ್ನು ಸಣ್ಣ ಸಣ್ಣ ನಿರಿಗೆ ಹಿಡಿದು ಹೆಗಲ ನಡುವಿಗೆ ತಂದಳು. ಕನ್ನಡಿಯಲ್ಲಿ ನಿಂತವಳಿಗೆ ಕುತ್ತಿಗೆ ಇತ್ತು. ಮುಖ ಅದೇ, ಮೈ ಅದೇ. ಆಗ ಅವಳಿಗೆ ಸಿಟ್ಟು ಬಂತು. ತನ್ನ ಮದುವೆಯ ದಿನ ಅಷ್ಟು ಜನ ಸೇರಿ ತನ್ನನ್ನು ಸಿಂಗರಿಸಿದರಲ್ಲ, ಅವರಲ್ಲಿ ಒಬ್ಬರೂ ತನ್ನನ್ನು ನೋಡಿರಲಿಲ್ಲ ಎಂದು.

ಆ ಸಿಟ್ಟು ಅವಳನ್ನು ಖಾಸೀಂಬಿಯ ಮನೆಗೆ ಕರೆದುಕೊಂಡು ಹೋಯಿತು. ಖಾಸೀಂಬಿ ಆಗ ಜೇವರ್ಗಿಯಲ್ಲಿ ಹೆಸರಾದ ಜಂಪರು ಹೊಲಿಯುವಾಕೆ. ಕೈ ಬಿರುಸು, ಮಾತು ಇನ್ನೂ ಬಿರುಸು. ಮೊದಲ ಆರು ತಿಂಗಳು ರೇವಮ್ಮನಿಗೆ ಹುಕ್ಕು ಹಚ್ಚುವ ಕೆಲಸ ಬಿಟ್ಟು ಬೇರೇನೂ ಕೊಡಲಿಲ್ಲ. ಆದರೆ ಅಳತೆಗೆ ಬಂದವರನ್ನು ನೋಡುತ್ತ ಕೂರುವುದಕ್ಕೆ ಅಡ್ಡಿ ಮಾಡಲಿಲ್ಲ. ಒಂದು ದಿನ ಅವಳೇ ಹೇಳಿದಳು: “ಎಲ್ಲಾರೂ ಅರಿವಿ ನೋಡಿ ಹೆಣಮಗಳಿಗೆ ತೊಡಸ್ತಾರ. ನೀ ಮೊದಲ ಹೆಣಮಗಳನ್ನ ನೋಡು. ಆಮ್ಯಾಲ ಅರಿವಿ ತಗಿ.”

ರೇವಮ್ಮ ನಾಲ್ಕು ವರ್ಷ ಅಲ್ಲಿ ಕಲಿತಳು. ತನ್ನದೇ ಕೋಣೆ ಹಾಕಿದ ಮೇಲೂ ಕಲಿಯುವುದನ್ನು ಬಿಡಲಿಲ್ಲ. ಎತ್ತರ ಕಡಿಮೆ ಇದ್ದವರಿಗೆ ಅಗಲ ದಡಿ ಉಡಿಸಿದರೆ ಸೀರೆ ಕಾಣುತ್ತದೆ, ಹೆಣ್ಣು ಕಾಣುವುದಿಲ್ಲ ಎಂಬುದನ್ನು ಕಂಡುಕೊಂಡಳು. ಚೌಕ ದವಡೆಯ ಅಂಗನವಾಡಿ ಟೀಚರೊಬ್ಬರು ತಮ್ಮ ಮುಖ ಗಂಡಸರ ಮುಖದಂತಿದೆ ಎಂದು ಸದಾ ತಲೆ ತಗ್ಗಿಸಿ ಮಾತಾಡುತ್ತಿದ್ದರು. ಅವರಿಗೆ ಚೌಕ ಕೊರಳಿನ ಜಂಪರು ಬಿಡಿಸಿ ಆಳದ ದುಂಡು ಕೊರಳು ಹೊಲಿದು, ಕಿವಿಗೆ ಹನಿಯಂತೆ ಇಳಿಯುವ ಓಲೆ ಹಾಕಿಸಿದಳು. ಮಾರನೆಯ ವಾರ ಆ ಟೀಚರು ತಮ್ಮ ಇಬ್ಬರು ತಂಗಿಯರನ್ನೂ ಕರೆದುಕೊಂಡು ಬಂದರು.

ಅವಳಿಗೊಂದು ಪಣವಿತ್ತು. ದಪ್ಪ, ಗಿಡ್ಡ, ಕಪ್ಪು ಎಂಬ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಅಂಗಡಿಯವನು ಬಿಡಿಸಿ ಹಾಸಿದ ಸೀರೆ ಸರಿಬರದಿದ್ದರೆ, “ಈ ಸೀರಿಗೆ ನಿಮ್ಮನ್ನ ಹೊರೂ ಯೋಗ್ಯತಿ ಇಲ್ರಿ, ಬ್ಯಾರೆ ತಗೀರಿ,” ಎನ್ನುತ್ತಿದ್ದಳು. ತಪ್ಪು ಯಾವಾಗಲೂ ಸೀರೆಯದೇ. ಅಂಗಡಿಯವರು ಗೊಣಗುತ್ತಿದ್ದರು. ಆದರೆ ಅವಳು ಒಪ್ಪಿ ಕೊಂಡುಹೋದ ಸೀರೆ ಬದಲಿಸಲು ಎಂದೂ ವಾಪಸು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ಹೋದ ವರ್ಷ ಮಾಘದಲ್ಲಿ ನೆಲೋಗಿಯ ದೊಡ್ಡಪ್ಪ ಎಂಬವರ ಮಗಳು ಶೈಲಶ್ರೀ ತನ್ನ ಸೋದರತ್ತೆಯನ್ನು ಕರೆದುಕೊಂಡು ಬಂದಳು. ಆಳಂದದ ಕಲ್ಲಿನಾಥನೆಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗಿ ಎತ್ತರ, ಸಣಕಲು ಮೈ, ನೀಳ ಮುಖ, ನೀಳ ಕುತ್ತಿಗೆ. ಅಂಗಡಿಯಲ್ಲಿ ಆಕೆ ತಾನೇ ಆರಿಸಿಕೊಂಡದ್ದು ಉದ್ದುದ್ದ ಗೆರೆಯ ತೆಳು ಸೀರೆ, ಹೆಗಲು ಮುಟ್ಟುವ ಜುಮಕಿ. ರೇವಮ್ಮ ಬೇಡವೆನ್ನಲಿಲ್ಲ. ಅದನ್ನೇ ಮೈಮೇಲೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಆಮೇಲೆ ಅಗಲ ದಡಿಯ, ಮೈತುಂಬ ದೊಡ್ಡ ಹೂವಿನ ಬುಟ್ಟಾ ಇದ್ದ ಕುಂಕುಮ ಬಣ್ಣದ ರೇಷ್ಮೆ ತೆಗೆಸಿ ಹೊದಿಸಿದಳು. ತನ್ನ ಮದುವೆಯಲ್ಲಿ ತನ್ನನ್ನು ನುಂಗಿಹಾಕಿದ ಅಂಗೈ ಅಗಲದ ದಡಿ ಈ ಹುಡುಗಿಯ ಮೈಮೇಲೆ ಅರಮನೆಯ ಬಾಗಿಲಿನ ಚೌಕಟ್ಟಿನಂತೆ ಕೂತಿತು. ಉದ್ದ ಜುಮಕಿಯ ಜಾಗಕ್ಕೆ ಕಿವಿಗೆ ಅಂಟಿಕೊಂಡು ಅಗಲವಾಗಿ ಹರಡುವ ಬೆಂಡೋಲೆ, ಕುತ್ತಿಗೆಗೆ ಟೀಕಿ. ಶೈಲಶ್ರೀ ಕನ್ನಡಿ ಬಿಟ್ಟು ಕದಲಲಿಲ್ಲ.

ತಾಯಿಗೆ ಸೀರೆ ತೆಗೆಯುವ ಹೊತ್ತು ಬಂದಾಗ ಹುಡುಗಿಯ ಮುಖ ಸಣ್ಣದಾಯಿತು. ಯಾವುದಾದರೂ ತಿಳಿಬಣ್ಣದ್ದು ಇರಲಿ, ಅವ್ವ ಹೇಗೂ ಮುಂದೆ ಬರುವುದಿಲ್ಲ ಎಂದಳು. ಮಗಳ ಮದುವೆಯಲ್ಲಿ ತಾಯಿ ಮುಂದೆ ಬರುವುದಿಲ್ಲವೇ ಎಂದು ರೇವಮ್ಮ ಕೇಳಿದಳು. ಸೋದರತ್ತೆ ಬೇರೆ ಕಡೆ ನೋಡಿದಳು. ಶೈಲಶ್ರೀ ರೇವಮ್ಮನ ಹತ್ತಿರ ಸರಿದು ಮೆಲ್ಲನೆ ಹೇಳಿದಳು. ಎರಡೂವರೆ ವರ್ಷದ ಹಿಂದೆ ಅವ್ವ ಗೌರಾಬಾಯಿಗೆ ಎದೆಯಲ್ಲಿ ಗಂಟು ಸಿಕ್ಕಿತ್ತು. ದೊಡ್ಡ ಆಸ್ಪತ್ರೆಗೆ ಹೋಗಿ ಬಲಗಡೆಯ ಮೊಲೆ ಪೂರ್ತಿ ತೆಗೆಸಬೇಕಾಯಿತು. ರೋಗ ಹೋಯಿತು, ಪ್ರತಿ ಸಲದ ತಪಾಸಣೆಯಲ್ಲೂ ಎಲ್ಲ ಸರಿಯಿದೆ ಎನ್ನುತ್ತಾರೆ. ಆದರೆ ಆಸ್ಪತ್ರೆಗೆ ಬಿಟ್ಟರೆ ಅವ್ವ ಮನೆಯ ಹೊಸ್ತಿಲು ದಾಟುವುದಿಲ್ಲ. ಬಿರುಬೇಸಿಗೆಯಲ್ಲೂ ಶಾಲು ಹೊದ್ದು ಕೂರುತ್ತಾಳೆ. ಆಳಂದದಲ್ಲಿ ಬೀಗರನ್ನು ಎದುರುಗೊಳ್ಳುವುದು, ಮದುವೆಯ ಕಾರ್ಯಕ್ಕೆ ಅಪ್ಪನ ಪಕ್ಕದಲ್ಲಿ ನಿಲ್ಲುವುದು, ಎಲ್ಲವನ್ನೂ ಅತ್ತೆಯೇ ಮಾಡಲಿ ಎಂದು ತೀರ್ಮಾನವಾಗಿದೆ.

ರೇವಮ್ಮ ಆ ದಿನ ತಾಯಿಗೆ ಸೀರೆ ತೆಗೆಯಗೊಡಲಿಲ್ಲ. ಹೆಣ್ಣನ್ನು ನೋಡದೆ ಸೀರೆ ತೆಗೆಯುವುದು ತನ್ನಿಂದಾಗದು ಎಂದಳು. ಎರಡು ದಿನ ಬಿಟ್ಟು ನೆಲೋಗಿಯ ಬಸ್ಸು ಹತ್ತಿದಳು.

ಗೌರಾಬಾಯಿ ಒಳಮನೆಯಲ್ಲಿ ಕುಳಿತಿದ್ದಳು. ಒಂದು ಕಾಲಕ್ಕೆ ಮೈಕೈ ತುಂಬಿದ ಹೆಂಗಸು ಎಂದು ಮೂಳೆಗಳೇ ಹೇಳುತ್ತಿದ್ದವು. ಈಗ ಮುಖ ಇಳಿದಿತ್ತು. ಔಷಧಿಗೆ ಉದುರಿ ಮತ್ತೆ ಬಂದ ಕೂದಲು ಬೆಳ್ಳಗೆ, ಗುಂಗುರಾಗಿ, ಭುಜದವರೆಗೂ ಬಾರದೆ ನಿಂತಿತ್ತು. ಬಂದವಳನ್ನು ಕೂರಿಸಿ ಚಹಾ ಮಾಡಿಸಿದಳು. ಮಗಳು ಯಾಕೆ ಕಳಿಸಿದ್ದಾಳೆಂದು ಗೊತ್ತಿದೆ, ತನಗೇನೂ ಬೇಡ ಎಂದು ಮರ್ಯಾದೆಯಿಂದಲೇ ಹೇಳಿ ಮಾತು ಮುಗಿಸಿದಳು.

ಸಮಾಧಾನದ ಮಾತಾಡಲು ರೇವಮ್ಮನಿಗೆ ಬರುತ್ತಿರಲಿಲ್ಲ. ದೇವರಿದ್ದಾನೆ, ಧೈರ್ಯ ಮಾಡಿ ಎಂದು ಈಕೆಗೆ ಹೇಳಿದವರು ನೂರು ಜನ ಇರಬಹುದು ಎಂದು ಅವಳಿಗೆ ಅನ್ನಿಸಿತು. ಅವಳು ಗೌರಾಬಾಯಿ ಕುಳಿತ ರೀತಿಯನ್ನೇ ನೋಡುತ್ತಿದ್ದಳು.

“ಅಕ್ಕಾರ, ನಿಮ್ಮ ಬಲಹೆಗಲು ಎಡದಕಿಂತ ಎರಡು ಬೆರಳು ಮ್ಯಾಲ ಅದ,” ಎಂದಳು. “ಬೆನ್ನಿನ ನಡಬರಕ ನೋಯ್ತದೇನ್ರಿ?”

ಗೌರಾಬಾಯಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಬೆನ್ನು ನೋಯುತ್ತಿತ್ತು. ಒಂದು ವರ್ಷದಿಂದ ನೋಯುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಿದರೆ ರೋಗ ಮರಳಿತೆಂದು ಹೆದರುತ್ತಾರೆಂದು.

“ಒಂದ ಕಡಿ ಭಾರ ಹೋಗ್ಯಾದ. ಇನ್ನೊಂದ ಕಡಿ ಹಂಗ ಅದ. ತಕ್ಕಡಿ ಏರಿದಂಗ ಹೆಗಲು ಏರತದ, ಬೆನ್ನು ಅದನ್ನ ಎಳದ ಹಿಡಿತದ,” ಎಂದಳು ರೇವಮ್ಮ. “ಡಾಕ್ಟರಿಗೂ ಒಮ್ಮೆ ತೋರಸ್ರಿ. ನಾ ಡಾಕ್ಟರಲ್ಲ. ಆದರ ಜಂಪರ ಬರೋಬರಿ ಇದ್ರ ಈ ಹೆಗಲು ಜರಾ ಇಳೀತದ ಅಂತ ನನಗ ಅನಸ್ತದ.”

ಗೌರಾಬಾಯಿ ಎದ್ದು ಹೋಗಿ ಬಾಗಿಲ ಅಗಳಿ ಹಾಕಿ ಬಂದು ಶಾಲು ತೆಗೆದಳು.

ಇಪ್ಪತ್ತೈದು ವರ್ಷದಲ್ಲಿ ರೇವಮ್ಮ ಅಂತಹ ಅಳತೆ ತೆಗೆದಿರಲಿಲ್ಲ. ಎದೆಯ ಸುತ್ತ ಟೇಪು ಹಾಯಿಸಿದರೆ ಬರುವ ಅಂಕಿ ಇಲ್ಲಿ ಉಪಯೋಗಕ್ಕೆ ಬಾರದು. ಬೆನ್ನುಹುರಿಯಿಂದ ಎದೆಯ ನಡುವಿನವರೆಗೆ ಎಡಕ್ಕೊಂದು, ಬಲಕ್ಕೊಂದು, ಎರಡು ಮೈಗಳೆಂಬಂತೆ ಬೇರೆ ಬೇರೆ ಅಳೆದಳು. ಬಲಗೈ ಹೆಗಲಿನ ಮೇಲಕ್ಕೆ ಏಳುತ್ತಿರಲಿಲ್ಲ, ತೋಳು ತುಸು ಬಾತಿತ್ತು. ಹಾಗಾಗಿ ಹುಕ್ಕು ಮುಂದೆಯೇ ಇರಬೇಕು, ಬಲಗೈ ಕಂಕುಳ ಸಡಿಲ ಇರಬೇಕು, ಆದರೆ ನೋಡುವವರಿಗೆ ಎರಡು ತೋಳೂ ಒಂದೇ ಎನ್ನಿಸಬೇಕು. ಇನ್ನೊಂದನ್ನು ಗೌರಾಬಾಯಿಯೇ ಸಂಕೋಚದಿಂದ ಹೇಳಿದಳು. ಶಿವದಾರದಲ್ಲಿ ಕಟ್ಟಿದ ಲಿಂಗದ ಕರಡಿಗೆ ಗಾಯದ ಕಲೆಯ ಮೇಲೆ ತಿಕ್ಕಿ ಉರಿಯುತ್ತಿತ್ತು. ತೆಗೆದಿಡುವ ಮಾತೇ ಇರಲಿಲ್ಲ, ಸಹಿಸಿಕೊಂಡಿದ್ದಳು. ಕರಡಿಗೆ ಕೂರುವ ಕಡೆ ಎರಡು ಪದರ ಮೆತ್ತನೆಯ ಅಸ್ತರ ಕೊಡುತ್ತೇನೆ ಎಂದು ರೇವಮ್ಮ ಗುರುತು ಹಾಕಿಕೊಂಡಳು. ಅದಕ್ಕೆ ಹೊಸ ಬಟ್ಟೆ ಆಗುವುದಿಲ್ಲವೆಂದು ಚಂದಪ್ಪನ ಹಳೆಯ, ತೆಳು ಮಲ್ಲು ಬಟ್ಟೆಯ ಧೋತರವೊಂದನ್ನು ಕತ್ತರಿಸಿದಳು. ಚಂದಪ್ಪ ಹುಡುಕಾಡಿ, ಕೊನೆಗೆ ಕತ್ತರಿಸಿದ ತುಂಡು ಕಂಡು, ಯಾತಕ್ಕೆ ಎಂದು ಕೇಳಿ ತಿಳಿದ ಮೇಲೆ ಇನ್ನೊಂದನ್ನೂ ತಂದುಕೊಟ್ಟ.

ಮೊದಲನೆಯ ಜಂಪರು ಕೆಟ್ಟಿತು. ಬಲಗಡೆ ಒಳಗೊಂದು ಜೇಬು ಮಾಡಿ, ಅದರಲ್ಲಿ ಕೂರುವಂತೆ ಹತ್ತಿ ತುಂಬಿದ ಸಣ್ಣ ದಿಂಬನ್ನು ರೇವಮ್ಮ ಹೊಲಿದಿದ್ದಳು. ನಿಂತಾಗ ಚೆನ್ನಾಗಿ ಕಂಡಿತು. ಆದರೆ ಗೌರಾಬಾಯಿ ಅದನ್ನು ತೊಟ್ಟು, ಮನೆಗೆ ಬಂದ ಹಿರಿಯರೊಬ್ಬರಿಗೆ ನಮಸ್ಕಾರ ಮಾಡಲು ಬಗ್ಗಿದಾಗ ಹತ್ತಿಯ ದಿಂಬು ಜೇಬಿನ ಸಮೇತ ಕೊರಳಿನವರೆಗೆ ಏರಿ ಕೂತಿತು. ಹಿರಿಯರು ನೋಡಿದರೋ ಇಲ್ಲವೋ, ಗೌರಾಬಾಯಿ ಒಳಗೋಡಿ ಜಂಪರು ಕಿತ್ತೆಸೆದು ಶಾಲು ಹೊದ್ದಳು. ಇನ್ನು ಬರುವುದು ಬೇಡವೆಂದು ಫೋನಿನಲ್ಲಿ ಮಗಳ ಕೈಲಿ ಹೇಳಿಸಿದಳು.

ರೇವಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ. ಅವಳು ಹೊಲಿದ ಬಟ್ಟೆ ಒಬ್ಬಳ ಮಾನ ಕಳೆದದ್ದು ಅದೇ ಮೊದಲು. ಮೂರನೆಯ ದಿನ ಆ ದಿಂಬನ್ನು ಹಿಡಿದುಕೊಂಡು ಖಾಸೀಂಬಿಯ ಮನೆಗೆ ಹೋದಳು. ಖಾಸೀಂಬಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ದಿಂಬನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ತೂಗಿದಳು.

“ಇದು ಬರೇ ಗಾಳಿ ಅದ ಬೇಟಿ,” ಎಂದಳು. “ನೀ ಆಕಾರ ನೋಡೀದಿ, ವಜನ ನೋಡಿಲ್ಲ.”

ಅಷ್ಟೇ ಸಾಕಾಯಿತು. ಮನೆಗೆ ಬಂದು ರೇವಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿದಳು. ಜೋಳ ತುಂಬಿ ನೋಡಿದಳು, ಚುಚ್ಚಿತು. ಉದ್ದಿನಬೇಳೆ ಒಂದೇ ಕಡೆ ಗುಡ್ಡೆ ಬಿತ್ತು. ಮರಳು ತಣ್ಣಗೆ, ಹೆಣಭಾರ. ಕೊನೆಗೆ ಸಾಸಿವೆ. ಸಾಸಿವೆ ನೀರಿನಂತೆ ಹರಿದು ಕೈ ಒತ್ತಿದ ಆಕಾರಕ್ಕೆ ಕೂರುತ್ತಿತ್ತು, ಮೈಯ ಬಿಸುಪು ಹಿಡಿದಿಟ್ಟುಕೊಳ್ಳುತ್ತಿತ್ತು. ಧೋತರದ ಬಟ್ಟೆಯಲ್ಲಿ ಸಾಸಿವೆಯ ಚೀಲ ಮಾಡಿ, ಸುತ್ತ ತೆಳ್ಳಗೆ ಹತ್ತಿ ಹಾಸಿ, ಒಗೆಯುವಾಗ ಕಾಳು ಹೊರತೆಗೆಯಲು ಬರುವಂತೆ ಒಂದು ಬದಿ ಹೊಲಿಯದೆ ಗುಂಡಿ ಹಚ್ಚಿದಳು. ತಾನೇ ಅದನ್ನು ಎದೆಗೆ ಕಟ್ಟಿಕೊಂಡು ಎರಡು ದಿನ ಓಡಾಡಿದಳು, ಕಸ ಗುಡಿಸಿದಳು, ನೀರು ಹೊತ್ತಳು, ಬಗ್ಗಿದಳು, ಎದ್ದಳು. ಚೀಲ ಕದಲಲಿಲ್ಲ.

ಬರಬೇಡವೆಂದ ಮನೆಗೆ ಮತ್ತೆ ಹೋಗುವುದು ಸುಲಭವಿರಲಿಲ್ಲ. ನೆಲೋಗಿಯ ಬಸ್ ಇಳಿದು ದೊಡ್ಡಪ್ಪನವರ ಮನೆಯ ಓಣಿಯಲ್ಲಿ ನಡೆಯುವಾಗ ಅವಳು ಎರಡು ಸಲ ನಿಂತಳು. ಬಾಗಿಲು ತೆರೆದದ್ದು ಗೌರಾಬಾಯಿಯೇ.

“ತಪ್ಪು ನಂದ ಅಕ್ಕಾರ. ವಜನ ಮರತಿದ್ದೆ,” ಎಂದಳು ರೇವಮ್ಮ, ಇನ್ನೂ ಹೊಸ್ತಿಲ ಹೊರಗೇ ನಿಂತು. “ಇನ್ನೊಮ್ಮೆ ನೋಡ್ರಿ. ಸರಿ ಬರಲಿಲ್ಲಂದ್ರ ನಾನೇ ಇನ್ನ ಬರಂಗಿಲ್ಲ.”

ಗೌರಾಬಾಯಿ ದಾರಿ ಬಿಟ್ಟಳು. ಎಷ್ಟು ಸಾಸಿವೆ ಬೇಕು ಎನ್ನುವುದೇ ಈಗ ಉಳಿದ ಪ್ರಶ್ನೆ. ರೇವಮ್ಮನ ಅಪ್ಪ ಸೊನ್ನದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದವನು, ಗೋಡೆ ಏರಿಸುವಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆದು ಸಾಲು ನೋಡುತ್ತಿದ್ದ. ಅದು ನೆನಪಾಗಿ ಅವಳು ಒಳಮನೆಯ ಎರಡು ಗೂಟಗಳ ನಡುವೆ ಕೆಂಪು ದಾರ ಬಿಗಿದು ಕಟ್ಟಿದಳು. ದಾರದ ಮುಂದೆ ಗೌರಾಬಾಯಿಯನ್ನು ನಿಲ್ಲಿಸಿ, ಎದುರಿಗೆ ಕನ್ನಡಿ ಇಟ್ಟಳು. ಎಡಹೆಗಲು ದಾರಕ್ಕೆ ಸಮನಾಗಿತ್ತು. ಬಲಹೆಗಲು ದಾರವನ್ನು ಮುಚ್ಚಿ ಮೇಲೆ ನಿಂತಿತ್ತು. ಜಂಪರಿನ ಜೇಬಿನಲ್ಲಿದ್ದ ಚೀಲಕ್ಕೆ ಒಂದು ಹಿಡಿ ಸಾಸಿವೆ ಬಿತ್ತು. ಇನ್ನೊಂದು ಹಿಡಿ. ಮೈ ಅದನ್ನು ಒಪ್ಪಿಕೊಳ್ಳಲೆಂದು ತುಸು ಹೊತ್ತು ಕಾಯುವುದು, ಮತ್ತೆ ಅರ್ಧ ಹಿಡಿ. ಆರನೆಯದೋ ಏಳನೆಯದೋ ಹಿಡಿ ಬಿದ್ದಾಗ ಕನ್ನಡಿಯಲ್ಲಿ ಬಲಹೆಗಲಿನ ಮೇಲೆ ಕೆಂಪು ದಾರ ಕೂದಲೆಳೆಯಷ್ಟು ಕಂಡಿತು. ಇನ್ನೊಂದು ಚಿಟಿಕೆ ಹಾಕಿದ ಮೇಲೆ ದಾರ ಎರಡೂ ಕಡೆ ಒಂದೇ ಆಯಿತು.

ಗೌರಾಬಾಯಿ ದೀರ್ಘವಾಗಿ ಉಸಿರು ಬಿಟ್ಟಳು. ಬಗ್ಗಿ ನೆಲ ಮುಟ್ಟಿ ಎದ್ದಳು. ಇನ್ನೊಮ್ಮೆ ಬಗ್ಗಿದಳು. ಕನ್ನಡಿಗೆ ಪಕ್ಕ ತಿರುಗಿ ನಿಂತು ನೋಡಿಕೊಂಡಳು. ಹಾಗೆ ಪಕ್ಕಕ್ಕೆ ತಿರುಗಿ ಎರಡೂವರೆ ವರ್ಷವಾಗಿತ್ತು.

“ಬೆನ್ನು ಹಗುರ ಆತು ನೋಡ್ರಿ,” ಎಂದಳು, ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ರೇವಮ್ಮ ಅಳು ಮುಗಿಯುವವರೆಗೆ ದಾರ ಬಿಚ್ಚಿ ಉಂಡೆ ಸುತ್ತುತ್ತ ನಿಂತಳು.

ಆಮೇಲಿನ ಕೆಲಸ ರೇವಮ್ಮನಿಗೆ ಹಬ್ಬದಂತಿತ್ತು. ಗೌರಾಬಾಯಿ ಇನ್ನೂ ತಿಳಿಬಣ್ಣದ ಸೀರೆಯೇ ಸಾಕೆನ್ನುತ್ತಿದ್ದಳು. ಬೆಳ್ಳಗೆ ಬಿಳುಚಿಕೊಂಡ ಮುಖಕ್ಕೆ ಆ ಬಣ್ಣ ಇದ್ದ ನೆತ್ತರನ್ನೂ ಹೀರುತ್ತದೆ ಎಂದು ರೇವಮ್ಮ ಅವಳನ್ನು ಹೊಸ್ತಿಲು ದಾಟಿಸಿ ಜೇವರ್ಗಿಯ ಅಂಗಡಿಗೇ ಕರೆತಂದು ಬದನೆಕಾಯಿ ಬಣ್ಣದ ಮೆತ್ತನೆಯ ರೇಷ್ಮೆ ಆರಿಸಿದಳು, ಮೈಗೆ ಅಂಟದಂತಹದು, ತುಂಬ ಸಣ್ಣ ಬುಟ್ಟಾ ಇರುವಂತಹದು. ಮುಖದ ಹತ್ತಿರ ಅದನ್ನು ಹಿಡಿದಾಗ ಗೌರಾಬಾಯಿಯ ಕೆನ್ನೆಗೆ ರಂಗು ಬಂದದ್ದನ್ನು ಅಂಗಡಿಯವನೂ ಗಮನಿಸಿದ. ಅವಳ ಮನೆಯ ಆಭರಣದ ಪೆಟ್ಟಿಗೆ ತೆಗೆಸಿ ರೇವಮ್ಮ ಹಳೆಯ ಟೀಕಿಯನ್ನು ಪಕ್ಕಕ್ಕಿಟ್ಟಳು. ಕೊರಳ ಎಲುಬು ಎದ್ದಿರುವಾಗ ಟೀಕಿ ಅಲ್ಲಿಗೇ ಕಣ್ಣನ್ನು ಕರೆದೊಯ್ಯುತ್ತದೆ. ಎದೆಯ ನಡುವಿಗೆ ಇಳಿಯುವ ಬೋರಮಾಳ ಆರಿಸಿದಳು. ಗಿಡ್ಡ ಕೂದಲನ್ನು ಮುಚ್ಚಲು ಚೌರಿ ಕಟ್ಟುವುದು ಬೇಡವೆಂದಳು. ಬೆಳ್ಳನೆಯ ಗುಂಗುರು ಹಾಗೇ ಹಿಂದಕ್ಕೆ ಬಾಚಿ ಕಿವಿಯ ಹಿಂದೆ ಒಂದು ಸಣ್ಣ ಮಲ್ಲಿಗೆಯ ದಂಡೆ ಸಿಕ್ಕಿಸಿದರೆ ಸಾಕು. ಇಳಿದು ನೀಳವಾದ ಮುಖಕ್ಕೆ ಕುಂಕುಮವನ್ನು ತುಸು ದೊಡ್ಡದು ಮಾಡಿ ಹುಬ್ಬಿನ ಹತ್ತಿರಕ್ಕೆ ತಂದಳು. ಒಂದೊಂದೂ ಕೂಡಿದಂತೆ ಕನ್ನಡಿಯಲ್ಲಿ ಹಳೆಯ ಗೌರಾಬಾಯಿ ಬರಲಿಲ್ಲ. ಇನ್ನೊಬ್ಬಳು ಬಂದಳು, ಗಂಭೀರಳಾದ, ನೋಡಿದರೆ ಎದ್ದು ನಿಲ್ಲಬೇಕು ಅನ್ನಿಸುವಂತಹ ಒಬ್ಬಳು.

ಮದುವೆಗೆ ರೇವಮ್ಮನೂ ಚಂದಪ್ಪನೂ ಆಳಂದಕ್ಕೆ ಹೋದರು. ಮಂಗಲ ಕಾರ್ಯಾಲಯದ ಮುಂದೆ ಹೆಣ್ಣಿನ ಕಡೆಯವರ ಗಾಡಿ ನಿಂತಾಗ ರೇವಮ್ಮ ಕಂಬದ ಮರೆಗೆ ಸರಿದಳು. ಮೊದಲು ದೊಡ್ಡಪ್ಪ ಇಳಿದರು. ಆಮೇಲೆ ಗೌರಾಬಾಯಿ. ಮೈಮೇಲೆ ಶಾಲು ಇರಲಿಲ್ಲ. ಮದುಮಗ ಕಲ್ಲಿನಾಥನ ಅಜ್ಜಿ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು. ಗೌರಾಬಾಯಿ ಸೀದಾ ಅವಳ ಬಳಿ ಹೋಗಿ ಪಾದ ಮುಟ್ಟಲು ಬಗ್ಗಿದಳು. ರೇವಮ್ಮನ ಕೈ ತನಗರಿವಿಲ್ಲದೆ ಕಂಬವನ್ನು ಬಿಗಿಯಾಗಿ ಹಿಡಿಯಿತು. ಗೌರಾಬಾಯಿ ಎದ್ದಳು. ಎರಡೂ ಹೆಗಲು ಒಂದೇ ಸಾಲಿನಲ್ಲಿ ಎದ್ದವು. ಅಜ್ಜಿ ಅವಳ ಗಲ್ಲ ಹಿಡಿದು ಏನೋ ಹೇಳಿದಳು, ಗೌರಾಬಾಯಿ ನಕ್ಕಳು. ಅಕ್ಕಿಕಾಳು ಬೀಳುವಾಗ ದೊಡ್ಡಪ್ಪನ ಪಕ್ಕದಲ್ಲಿ ನಿಂತವಳು ಅವಳೇ. ವೇದಿಕೆಯಲ್ಲಿ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ, ಹಿಂದಿನ ಸಾಲಿನಲ್ಲಿದ್ದ ಅವಳನ್ನು ಮದುಮಗಳೇ ಕೈಹಿಡಿದು ಮುಂದಕ್ಕೆ ಎಳೆದುಕೊಂಡಳು.

ಊಟದ ಪಂಕ್ತಿಯಲ್ಲಿ ಗೌರಾಬಾಯಿ ರೇವಮ್ಮನ ಎಲೆಗೆ ತಾನೇ ಹೋಳಿಗೆ ಬಡಿಸಿದಳು. ಎಲ್ಲರೂ ಇಂಥ ಸೀರೆ ಎಲ್ಲಿ ಸಿಕ್ಕಿತೆಂದು ಕೇಳುತ್ತಿದ್ದಾರೆ ಎಂದು ಹೇಳಿ, ಬಗ್ಗಿ ಕಿವಿಯಲ್ಲಿ ಅಂದಳು: “ಅಂಗಡಿ ಹೆಸರ ಹೇಳೀನಿ. ನಿಮ್ಮ ಹೆಸರ ಮಾತ್ರ ಬೇಕಾದವರಿಗೆ ಹೇಳತೇನಿ.”

ಬೇಕಾದವರು ಬರತೊಡಗಿದರು. ಗೌರಾಬಾಯಿ ತಪಾಸಣೆಗೆ ಹೋದ ಆಸ್ಪತ್ರೆಯಲ್ಲಿ ತನ್ನ ಪಕ್ಕ ಕುಳಿತ ಹೆಂಗಸಿಗೆ ಹೇಳಿದಳು. ಆಕೆ ಅಫಜಲಪುರದಿಂದ ಬಂದಳು. ಒಬ್ಬ ನರ್ಸಮ್ಮ ತಾನೇ ಹುಡುಕಿಕೊಂಡು ಬಂದು, ಇಂತಹ ದಿಂಬುಗಳು ಸಿದ್ಧ ಮಾಡಿದವೂ ಸಿಗುತ್ತವೆ ಎಂದು ಒಂದನ್ನು ಚೀಲದಿಂದ ತೆಗೆದು ತೋರಿಸಿದಳು. ರೇವಮ್ಮ ಬೇಸರಪಡಲಿಲ್ಲ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಕಂಕುಳ ಕಡೆಗೆ ಅದು ತೆಳ್ಳಗಾಗುತ್ತ ಹೋಗುವ ರೀತಿಯನ್ನು ಕಲಿತುಕೊಂಡಳು. ಕೊಳ್ಳಲಾಗುವವರಿಗೆ ಅದನ್ನೇ ತರಿಸಿಕೊಳ್ಳಿ, ಜಂಪರಿನ ಜೇಬು ನಾನು ಮಾಡಿಕೊಡುತ್ತೇನೆ ಎಂದಳು.

ಈ ಶ್ರಾವಣದಲ್ಲಿ ಯಡ್ರಾಮಿಯಿಂದ ಅನುರಾಧಾ ಎಂಬ ಶಾಲಾ ಶಿಕ್ಷಕಿ ಬಂದಳು. ಮೂವತ್ತಾರು ವರ್ಷ, ಎಡಗಡೆಯ ಶಸ್ತ್ರಚಿಕಿತ್ಸೆಯಾಗಿತ್ತು. ರೇವಮ್ಮ ರೂಢಿಯಂತೆ ಸಾಸಿವೆಯ ಡಬ್ಬಿ ಎಳೆದುಕೊಂಡಳು. ಅನುರಾಧಾ ಬೇಡವೆಂದಳು.

“ನನಗ ಏನೂ ತುಂಬೂದು ಬ್ಯಾಡ್ರಿ ರೇವಕ್ಕ. ಹಗಲೆಲ್ಲ ಮಕ್ಕಳ ಮುಂದ ಬೋರ್ಡಿಗೆ ಬರೀತೇನಿ, ಭಾರ ಹೊರಾಕ ಮನಸಿಲ್ಲ. ಈ ಮೈ ಹ್ಯಾಂಗ ಅದ ಹಂಗ ಚೊಲೊ ಕಾಣಬೇಕು. ಆಗ್ತದೇನ್ರಿ?”

ರೇವಮ್ಮ ಡಬ್ಬಿಯನ್ನು ಮತ್ತೆ ಪಕ್ಕಕ್ಕೆ ಸರಿಸಿದಳು. ಹೆಗಲು ಸಮ ಮಾಡುವುದೇ ತನ್ನ ಕೆಲಸವೆಂದು ಅವಳು ಅಷ್ಟು ದಿನ ನಂಬಿದ್ದಳು. ಆದರೆ ಈಕೆಯ ಮೈ ಹಗುರ, ಬೆನ್ನು ನೆಟ್ಟಗೆ, ಕೇಳುವಾಗ ದನಿಯಲ್ಲಿ ಅಳುಕಿಲ್ಲ. ಒಂದು ವಾರ ಬೇಕು ಎಂದಳು. ಆ ವಾರದಲ್ಲಿ ಮೂರು ಜಂಪರು ಕತ್ತರಿಸಿ ಕೆಡಿಸಿದಳು. ನಾಲ್ಕನೆಯದಕ್ಕೆ ಎಡಹೆಗಲಿನಿಂದ ಓರೆಯಾಗಿ ಇಳಿದು ನಡುವಿಗೆ ಸೇರುವ ಸಣ್ಣ ನಿರಿಗೆಗಳನ್ನು ಕೂರಿಸಿದಳು. ಕಣ್ಣು ಆ ನಿರಿಗೆಯ ಜೊತೆ ಓರೆಯಾಗಿ ಹರಿದುಹೋಗುತ್ತಿತ್ತು, ಎಲ್ಲಿಯೂ ತಡೆಯುತ್ತಿರಲಿಲ್ಲ. ಕೊರಳಿಗೆ ಸಣ್ಣ ಕಾಲರು ಕೊಟ್ಟಳು. ಸೀರೆಗೆ ತೆಳ್ಳನೆಯ ಹತ್ತಿಯ ಇಳಕಲ್ಲು ಸಾಕೆಂದಳು.

ಪರದೆಯ ಹಿಂದಿನಿಂದ ಅದನ್ನು ತೊಟ್ಟು ಬಂದ ಅನುರಾಧಾ ಕನ್ನಡಿಯ ಮುಂದೆ ನಿಂತು, ಚಾಕ್‌ಪೀಸು ಹಿಡಿದವಳಂತೆ ಕೈಯನ್ನು ಮೇಲಕ್ಕೆತ್ತಿ ಗಾಳಿಯಲ್ಲಿ ಒಂದು ಸಾಲು ಬರೆದಳು. ಜಂಪರು ಎಲ್ಲಿಯೂ ಎಳೆಯಲಿಲ್ಲ. ಅವಳು ಹಳೆಯ ಜಂಪರನ್ನು ಮಡಚಿ ಚೀಲಕ್ಕಿಟ್ಟುಕೊಂಡು, ಹೊಸದನ್ನು ಬಿಚ್ಚದೆಯೇ ಬಸ್ಸಿಗೆ ಹೊರಟಳು. ರೇವಮ್ಮ ಮಷಿನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ರಸ್ತೆ ದಾಟುತ್ತಿದ್ದ ಆ ನೆಟ್ಟನೆಯ ಬೆನ್ನನ್ನು, ಅವಳು ಯಡ್ರಾಮಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂರುವವರೆಗೆ, ನೋಡುತ್ತ ನಿಂತಳು.